ಒಳಲೆಯ ಮೇಲಿನ ಹೆಸರು

ಓದೋಕೆ ಚೇತನಾಗೆ ಬೇರೆ ಪುಸ್ತಕ ಸಿಗಲಿಲ್ವಾ ಅಂತ ಕೇಳಬೇಡಿ. ಅವಳಾಗಿ ಹುಡುಕಿಕೊಂಡು ಹೋದದ್ದಲ್ಲ. ಕಾಮಾಕ್ಷಿಪಾಳ್ಯದಲ್ಲಿ ಅವಳು ಬಾಡಿಗೆಗಿದ್ದ ಮನೆಯ ಓನರು, ಕೆಳಗಡೆ ಇರೋ ಶಾಂತವ್ವ, ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದರು. ಸದ್ಯಕ್ಕೆ ಅಕ್ಷರದ ಸಹವಾಸ ಬೇಡ ಅಂತ ಡಾಕ್ಟರು ಹೇಳಿದ್ದರಂತೆ. ಸಂಜೆ ಬೈಬಲ್ ಓದದಿದ್ದರೆ ಆ ಮುದುಕಿಗೆ ಗಂಟಲಲ್ಲಿ ಅನ್ನ ಇಳಿಯೋದಿಲ್ಲ. ಗದಗಿನ ಕಡೆಯಿಂದ ಬಂದು ಎಷ್ಟು ಕಾಲವಾದರೂ 'ಯವ್ವಾ' ಅನ್ನೋದೊಂದು ಬಿಟ್ಟಿರಲಿಲ್ಲ. "ಯವ್ವಾ, ಸಂಜೆ ಒಂಚೂರು ಬಂದು ಓದಿ ಹೇಳ್ತೀಯೇನು?" ಅಂತ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದರು.

"ಹೋಗೇ," ಅಂದರು ಚೇತನಾಳ ಅತ್ತೆ ರಾಮಮ್ಮ. "ಗೋಡೆ ನೋಡ್ಕೊಂಡು ಕೂರೋದಕ್ಕಿಂತ ವಾಸಿ. ಅವರ ದೇವರೇನು ಕಚ್ತಾನಾ?"

ಗೋಡೆ ನೋಡದೆ ಇನ್ನೇನು ಮಾಡ್ತಾಳೆ ಪಾಪ? ಹೆತ್ತ ಹೆಣ್ಣುಮಗು ತೊಟ್ಟಿಲು ಕಾಣದೆ ಹೋಗಿ ಇನ್ನೂ ಮೈ ಹಸಿ ಆರಿರಲಿಲ್ಲ. ದಿನ ತುಂಬೋ ಮೊದಲೇ ಹುಟ್ಟಿದ ಕೂಸು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ, ಬಾಯಿಗೊಂದು ಮೂಗಿಗೊಂದು ನಳಿಕೆ ಹಾಕಿಸಿಕೊಂಡು, ಒಂದು ಸಲವೂ ಗಟ್ಟಿಯಾಗಿ ಅಳದೆ ಮಲಗಿತ್ತು. ಕಾಲಿಗೆ ಕಟ್ಟಿದ್ದ ಪಟ್ಟಿಯಲ್ಲಿ 'ಬೇಬಿ ಆಫ್ ಚೇತನಾ' ಅಂತ ಬರೆದಿದ್ದರು.

ಹೆಸರು ಇರಲಿಲ್ಲ ಅಂತಲ್ಲ. ಬಸುರಿಯಾಗಿದ್ದಾಗಲೇ ಚೇತನಾ ಒಂದು ಹೆಸರು ಆರಿಸಿ, ಗಂಡನಿಗೂ ಹೇಳದೆ ಮನಸ್ಸಲ್ಲಿ ಬಚ್ಚಿಟ್ಟುಕೊಂಡಿದ್ದಳು. ತೊಟ್ಟಿಲಿಗೆ ಹಾಕೋ ದಿನ ಮಗಳ ಕಿವಿಯಲ್ಲೇ ಅದನ್ನ ಮೊದಲು ಹೇಳಬೇಕು ಅಂತ ಆಸೆ. ಗಾಜಿನ ಪಕ್ಕ ನಿಂತಾಗ ಅದು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ರಾಮಮ್ಮ ಕೈ ಹಿಡಿದು ತಡೆದರು. "ಬೇಡ ಕಣೇ. ತೊಟ್ಟಿಲಿಗೆ ಹಾಕೋಕ್ ಮುಂಚೆ ಹೆಸರು ಹಿಡಿದು ಕರೀಬಾರ್ದು, ದೃಷ್ಟಿಯಾಗುತ್ತೆ. ಮನೆಗೆ ಬರಲಿ, ಆಮೇಲೆ ಎಷ್ಟು ಬೇಕಾದ್ರೂ ಕರಿ." ಹಿರಿಯರ ಮಾತು ಅಂತ ಚೇತನಾ ನುಂಗಿಕೊಂಡಳು. ಮಗು ಮನೆಗೆ ಬರಲಿಲ್ಲ, ಮಣ್ಣಿಗೆ ಹೋಯಿತು. ಬಂದ ನೆಂಟರದ್ದೆಲ್ಲ ಒಂದೇ ರಾಗ: "ಹೆಸರಿಡದ ಕೂಸು, ಜಾಸ್ತಿ ಅಳಬಾರ್ದಮ್ಮ." ಅಲ್ಲಾ ಸ್ವಾಮಿ, ಹೆಸರಿಡದಿದ್ದರೆ ಹೆತ್ತ ಹೊಟ್ಟೆ ಉರಿಯೋದಿಲ್ವಾ? ಎದೆಹಾಲು ತಾನಾಗಿ ನಿಂತುಬಿಡುತ್ತಾ?

ಗ್ರಹಚಾರ ನೋಡಿ, ಅವಳ ಗಂಡ ರಾಜೇಂದ್ರನ ಕಸುಬೇ ಹೆಸರು ಬರೆಯೋದು. ವಿಜಯನಗರದ ಪಾತ್ರೆ ಅಂಗಡಿಯಲ್ಲಿ ಗುರ್ರ್ ಅನ್ನೋ ಮಿಷನ್ನು ಹಿಡಿದು ಚೊಂಬು, ತಟ್ಟೆ, ಡಬರಿಗಳ ಮೇಲೆ ಊರವರ ಹೆಸರೆಲ್ಲ ಕೊರೆಯುತ್ತಾನೆ. ಮಗುವಿಗೆ ಹಾಲು ಕುಡಿಸೋಕೆ ಅಂತ ಪುಟ್ಟದೊಂದು ಬೆಳ್ಳಿ ಒಳಲೆ ತಂದಿದ್ದ. ನಾಮಕರಣ ಆದ ಮೇಲೆ ಹೆಸರು ಕೊರೆಯೋಣ ಅಂತ ಹಾಗೇ ಇಟ್ಟಿದ್ದ. ಅದೀಗ ಅಡುಗೆಮನೆ ಅಟ್ಟದ ಮೂಲೆಯಲ್ಲಿ ಬೋಳಾಗಿ ಕೂತಿತ್ತು. ಅದರ ಸುದ್ದಿ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಎಲ್ಲಿಂದ ಓದಲಿ ಅಜ್ಜಿ?" ಸಂಜೆ ಕೆಳಗೆ ಹೋಗಿ ಬೈಬಲ್ ಬಿಡಿಸಿದ ಚೇತನಾ ಕೇಳಿದಳು.

"ಮೊದಲಿಂದ ಓದು ಯವ್ವಾ. ಲೋಕ ಹುಟ್ಟಿದ್ದರಿಂದ."

ಚೇತನಾ ಸ್ಕೂಲಿನ ಪಾಠದ ಥರ ಒಂದೇ ಸಮನೆ ಓದುತ್ತಾ ಹೋದಳು. ಏನೂ ಇರಲಿಲ್ಲವಂತೆ. ಬರೀ ಕತ್ತಲು, ಬರೀ ನೀರು. ದೇವರು ಬೆಳಕಾಗಲಿ ಅಂದ, ಬೆಳಕಾಯಿತು. ನೋಡಿದ, ಚೆನ್ನಾಗಿದೆ ಅನ್ನಿಸಿತು. ಬೆಳಕಿಗೆ ಹಗಲು ಅಂತ ಹೆಸರಿಟ್ಟ. ಕತ್ತಲೆಗೆ ರಾತ್ರಿ ಅಂತ ಹೆಸರಿಟ್ಟ.

ಅಲ್ಲಿಗೆ ಅವಳ ದನಿ ನಿಂತಿತು.

"ಯಾಕೆ ಯವ್ವಾ?"

"ಏನಿಲ್ಲ ಅಜ್ಜಿ," ಅಂದು ಮುಂದುವರಿಸಿದಳು. ಮೇಲೊಂದು ಚಾವಣಿ ಮಾಡಿದ, ಆಕಾಶ ಅಂದ. ಒಣನೆಲ ಕಾಣಿಸಿತು, ಭೂಮಿ ಅಂದ. ನೀರು ಒಟ್ಟಾಯಿತು, ಸಮುದ್ರ ಅಂದ. ಹುಟ್ಟಿದ್ದೇ ತಡ, ಹೆಸರು. ಚೇತನಾಗೆ ಅಕ್ಷರ ಮಂಜಾಯಿತು. ಪುಸ್ತಕ ಮಡಿಲಲ್ಲಿ ಮಗುಚಿಕೊಂಡಿತು.

"ಇವನು ಕಾಯಲೇ ಇಲ್ವಲ್ಲಾ ಅಜ್ಜಿ," ಅಂದಳು. "ದೃಷ್ಟಿಯಾಗುತ್ತೆ ಅಂತ ಹೆದರಲಿಲ್ಲ. ಮನೆಗೆ ಬರಲಿ ಅನ್ನಲಿಲ್ಲ. ನಾನ್ಯಾಕೆ ಕಾದೆ? ಒಂದೇ ಒಂದ್ಸಲ ಹೆಸರು ಹಿಡಿದು ಕರೆದಿದ್ರೆ ನನ್ನ ಗಂಟೇನು ಹೋಗ್ತಿತ್ತು? ನನ್ನ ಮಗಳು ತನ್ನ ಹೆಸರೇನು ಅಂತ ಗೊತ್ತಿಲ್ದೇ ಹೋಗ್ಬಿಟ್ಲು."

ಶಾಂತವ್ವ ತಡಕಾಡಿ ಅವಳ ಕೈ ಹಿಡಿದುಕೊಂಡರು.

ಚೇತನಾಗೆ ಸಿಟ್ಟು ನೆತ್ತಿಗೇರಿತು. "ಎಲ್ಲಾ ಮಾಡಿ ಚೆನ್ನಾಗಿದೆ ಅಂದನಂತಲ್ಲ, ನನ್ನ ಮಗೂನ ಮಾಡಿದವನೂ ಇವನೇನಾ? ಅದನ್ನ ನೋಡಿ ಏನಂದ? ಹೇಳಿ!"

"ನನಗ್ ಗೊತ್ತಿಲ್ಲ ಯವ್ವಾ. ಗೊತ್ತೈತಿ ಅಂತ ಸುಳ್ಳು ಹೇಳಲ್ಲ." ಮುದುಕಿ ಅವಳ ಕೈ ಬಿಡಲಿಲ್ಲ. ಆಮೇಲೆ ಮೆಲ್ಲಗೆ ಅಂದರು: "ಒಂದು ಮಾತು ಕೇಳು. ಅವನು ಹಗಲನ್ನ ಹೆಸರು ಹಿಡಿದು ಕರೆದಾಗ ಕೇಳೋಕೆ ಯಾರಿದ್ರು? ಮನುಷ್ಯ ಇನ್ನೂ ಹುಟ್ಟಿರಲಿಲ್ಲ. ಲೋಕದಾಗೆ ಒಂದು ಕಿವಿ ಇರಲಿಲ್ಲ. ಆದ್ರೂ ಕರೆದ."

ಮಾಗಡಿ ರಸ್ತೆಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು. ಚೇತನಾ ಮೊದಲು ತುಟಿ ಅಲ್ಲಾಡಿಸಿದಳು, ಅಷ್ಟೇ. ಆಮೇಲೆ ಪಿಸುಗುಟ್ಟಿದಳು. ಆಮೇಲೆ, ಬೀದಿಯಲ್ಲಿ ಆಡೋ ಮಗುವನ್ನ ಊಟಕ್ಕೆ ಕರೆಯೋ ಹಾಗೆ, ಗಂಟಲು ಹರಿಯೋ ಹಾಗೆ ಕೂಗಿದಳು.

"ಇಂಚರಾ! ಬಾರೇ ಕಂದಾ, ಅಮ್ಮ ಕರೀತಾ ಇದೀನಿ!"

ಬಾಗಿಲಲ್ಲಿ ಲೋಟ ಬಿದ್ದ ಸದ್ದಾಯಿತು. ಶಾಂತವ್ವನಿಗೆ ಕಾಫಿ ತಂದಿದ್ದ ರಾಮಮ್ಮ ನಿಂತಿದ್ದರು. ಬಿಸಿ ಕಾಫಿ ಕಾಲ ಮೇಲೆ ಚೆಲ್ಲಿದ್ದೂ ಅವರಿಗೆ ಗೊತ್ತಾಗಿರಲಿಲ್ಲ. ಈಗ ಬೈಗುಳ ಬೀಳುತ್ತೆ ಅಂತ ಚೇತನಾ ತಲೆ ತಗ್ಗಿಸಿದಳು. ದೀಪ ಹಚ್ಚೋ ಹೊತ್ತಲ್ಲಿ ಹೊಸಿಲ ಮೇಲೆ ಯಾರೇ ಕೂತರೂ ಎಬ್ಬಿಸಿ ಬೈಯೋ ಹೆಂಗಸು, ಆ ಹೊಸಿಲ ಮೇಲೇ ಕುಸಿದು ಕೂತರು.

"ಏನಂದೆ?"

"ಇಂಚರ, ಅತ್ತೆ."

"ಚೆನ್ನಾಗಿದೆ ಕಣೇ," ಅಂದರು ರಾಮಮ್ಮ. "ತುಂಬಾ ಚೆನ್ನಾಗಿದೆ." ಅಂದವರು ಎದೆ ಎದೆ ಬಡಿದುಕೊಂಡರು. "ಪಾಪಿ ನಾನು, ಪಾಪಿ! ನಿನ್ನ ಬಾಯಿ ಕಟ್ಟಿಬಿಟ್ನಲ್ಲೇ!"

ರಾಜೇಂದ್ರ ಕೆಲಸದಿಂದ ಬಂದಾಗ ಅವನ ಮುಂದೆ ಒಳಲೆ ಇತ್ತು. ಅಟ್ಟದಿಂದ ಇಳಿಸಿದ್ದು ರಾಮಮ್ಮನೇ.

"ಹೆಸರು ಕೊರಿಯೋ."

"ಯಾರದ್ದಮ್ಮಾ?"

"ನಿನ್ನ ಮಗಳದ್ದು."

ಅವನು ಚೇತನಾಳ ಕಡೆ ನೋಡಿದ. ಅವಳು ಹೇಳಿದಳು. ತಂದೆಯಾದವನು ಮಗಳ ಹೆಸರು ಕೇಳಿದ್ದು ಅದೇ ಮೊದಲು. ಅಂಗಡಿ ಮಿಷನ್ನು ಅವತ್ತು ಚೀಲದಲ್ಲೇ ಇತ್ತು. ಎಂಥಾ ಉದ್ದದ ಹೆಸರನ್ನೂ ಗೆರೆ ಹಾಕದೆ ಸಲೀಸಾಗಿ ಬರೆಯೋ ಕೈ, ಮೂರಕ್ಷರಕ್ಕೆ ಗೆರೆ ಹಾಕಿಕೊಂಡಿತು. ಪೆನ್ನಲ್ಲಿ ಬರೆದ, ಒರೆಸಿದ, ಮತ್ತೆ ಬರೆದ. ಆಮೇಲೆ ಗುರ್ರ್ ಅಂತ ಕೊರೆದು, ಪುಡಿ ಊದಿ, ಹೆಬ್ಬೆರಳಲ್ಲಿ ಉಜ್ಜಿದ. ಗಿರಾಕಿಗಳನ್ನ ಕೇಳಿ ಕೇಳಿ ಅಭ್ಯಾಸವಾದ ಬಾಯಿ ನೋಡಿ, "ಕೆಳಗೆ ತಾರೀಖು ಹಾಕಲಾ?" ಅಂತ ಕೇಳಿಯೇಬಿಟ್ಟ.

ಯಾವ ತಾರೀಖು? ಬಂದದ್ದೋ, ಹೋದದ್ದೋ? ಕೇಳಿದ ಮೇಲೆ ಅವನಿಗೇ ಹೊಳೆಯಿತು. ಮಿಷನ್ನು ಪಕ್ಕಕ್ಕಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಚೇತನಾ ಒಳಲೆಯನ್ನ ಸೆರಗಲ್ಲಿ ಒರೆಸಿ ಎದೆಗೆ ಒತ್ತಿಕೊಂಡಳು. "ಇಂಚರಾ," ಅಂತ ಇನ್ನೊಂದು ಸಲ ಕರೆದಳು. ಓ ಅನ್ನೋ ದನಿ ಬರೋದಿಲ್ಲ ಅಂತ ಗೊತ್ತಿದ್ದೂ, ಮೂವರೂ ಕಾದರು.