ಬಂಬದ ಬಾಯಿಗೊಂದು ಮುಚ್ಚಳ

ಶೇಡಬಾಳದ ಆ ಮನೆಯಲ್ಲಿ ಹೊಲದ ಯಜಮಾನಿಕೆ ರಾವಸಾಹೇಬರದು, ಬಂಬದ ಯಜಮಾನಿಕೆ ಅವರ ಹೆಂಡತಿ ಕೆಂಚವ್ವನದು. ಜಳಕದ ನೀರು ಕಾಯಿಸುವ ಆ ತಾಮ್ರದ ಬಂಬಕ್ಕೆ ಯಾವಾಗ ಕಟ್ಟಿಗೆ ಹಾಕಬೇಕು, ಎಷ್ಟು ಹಾಕಬೇಕು ಎಂಬುದನ್ನು ಮದುವೆಯಾಗಿ ಬಂದಾಗಿನಿಂದ ಆಕೆಯ ಕೈಯೇ ತೀರ್ಮಾನಿಸುತ್ತಿತ್ತು. ಇನ್ನೊಬ್ಬರು ಒಂದು ಕಡ್ಡಿ ತುರುಕಿದರೂ ಮುಗಿಯಿತು, ಅವರ ಏಳು ತಲೆಮಾರನ್ನೂ ಎಬ್ಬಿಸಿ ಬೈಯುತ್ತಿದ್ದಳು.

ಅಂಥ ಮನೆಗೆ ಕೆಂಚವ್ವನ ಅಕ್ಕನ ಮಗ ಅಣ್ಣಾಸಾಬ ಒಂದು ಮುಚ್ಚಳ ಹಿಡಿದುಕೊಂಡು ಬಂದ. ಡಿಪ್ಲೊಮಾ ಮುಗಿಸಿ ಚಿಕ್ಕೋಡಿಯಲ್ಲಿ ವರ್ಕ್‌ಶಾಪ್ ಇಟ್ಟವನು. ಬಂಬದ ಕೆಳಗೆ ಗಾಳಿ ಹೋಗುವ ಬಾಯಿಗೆ ಇದನ್ನು ಕೂರಿಸಿದರೆ, ನೀರು ಕಾದೊಡನೆ ಒಳಗಿನ ಲೋಹದ ಪಟ್ಟಿ ಬಾಗಿ ಬಾಯಿ ತಾನೇ ಮುಚ್ಚಿ ಉರಿ ತಗ್ಗುತ್ತದೆ. ತಣ್ಣೀರು ಸುರಿದರೆ ತಾನೇ ತೆರೆದು ಉರಿ ಏಳುತ್ತದೆ. ಊರಿಗೆಲ್ಲ ಮಾಡಿಕೊಡುವ ಮೊದಲು ಮಂದಿ ಹೆಚ್ಚಿರುವ ಮನೆಯೊಂದರಲ್ಲಿ ಪರೀಕ್ಷೆ ಆಗಬೇಕಿತ್ತು.

"ನಿನ್ನ ಕೈ ಮುಂದ ನನ್ನ ಮುಚ್ಚಳ ನಿಂದರತೈತೇನ ನೋಡೂಣು, ಚಿಗವ್ವಾ," ಎಂದ.

"ಹುಚ್ಚ ಖೋಡಿ! ತಗಡಿಗೆ ಏನ ತಿಳೀತೈತಲೇ? ಅದು ಗೆದ್ದರ ಈ ಮಣಿ ಬಿಟ್ಟು ಏಳತೇನಿ. ಬೆಂಕಿ ಯಾರರ ಹಚ್ಚಕೋರಿ," ಎಂದು ಕೆಂಚವ್ವ ಬಂಬದ ಮುಂದಿನ ಮಣೆ ತಟ್ಟಿದಳು.

ಸೊಸೆ ತಾರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಡಿದ ಮಾತನ್ನು ಕೆಂಚವ್ವ ನುಂಗುವವಳಲ್ಲ. ಮಣೆ ಹೋದರೆ ಬೆಳಗಾಗೆದ್ದು ಆ ಮನೆಯಲ್ಲಿ ಅವಳನ್ನು ಕೇಳುವವರು ಯಾರು? ಅದೂ ಅವಳಿಗೆ ಗೊತ್ತಿತ್ತು.

ದ್ರಾಕ್ಷಿ ಬಳ್ಳಿ ಸವರುವ ಚಾಟಣಿಯಲ್ಲಿ ಬಿದ್ದ ಒಣ ಕಡ್ಡಿಯನ್ನು ಎರಡು ಸಮ ಹೊರೆ ಕಟ್ಟಿದರು; ಯಾರ ಹೊರೆ ಹೆಚ್ಚು ಉಳಿಯುತ್ತದೋ ಅವರು ಗೆದ್ದಂತೆ. ಮೊದಲ ದಿನ ಕೆಂಚವ್ವನ ಸರದಿ. ಅಬ್ಬಬ್ಬಾ, ಏನು ಕೈ ಅದು! ಉರಿಯ ಸಪ್ಪಳ ಕೇಳಿಯೇ ಕಡ್ಡಿ ಹಾಕುತ್ತಿದ್ದಳು. ಮನೆಮಂದಿಯ ಜಳಕವೆಲ್ಲ ಮುಗಿದರೂ ಹೊರೆಯಲ್ಲಿ ಒಂದಿಷ್ಟು ಉಳಿಯಿತು. ಅದನ್ನು ಅಣ್ಣಾಸಾಬನ ಮುಂದೆ ಎಸೆದು ಮೀಸೆ ಇದ್ದವರ ಹಾಗೆ ನಡೆದುಹೋದಳು.

ಮರುದಿನ ಮುಚ್ಚಳದ ಸರದಿ. ಅಣ್ಣಾಸಾಬ ಅರ್ಧ ಹೊರೆಯನ್ನು ಒಮ್ಮೆಲೇ ತುಂಬಿ, ಕಿಡಿ ಕೊಟ್ಟು, ದೂರ ನಿಂತ. ಕೆಂಚವ್ವ ಕಟ್ಟೆಯ ಮೇಲೆ ಕೂತಳು, ಕೈ ಸುಮ್ಮನಿರಲೊಲ್ಲದು. ಬಿಸಿನೀರು ತೆಗೆದುಕೊಂಡವರು ಮುಂದಿನವರಿಗಾಗಿ ತಣ್ಣೀರು ಸುರಿದೇ ಬರಬೇಕೆಂಬುದು ಮನೆಯ ರೀತಿ. ಒಬ್ಬೊಬ್ಬರು ಸುರಿದಾಗಲೂ ಮುಚ್ಚಳ ತೆರೆಯಿತು, ನೀರು ಕಾಯುತ್ತಲೇ ಮುಚ್ಚಿಕೊಂಡಿತು, ಹಸಿದಾಗಷ್ಟೇ ಬಾಯಿ ತೆರೆಯುವ ಕೂಸಿನ ಹಾಗೆ. ಉಳಿದರ್ಧ ಹೊರೆಯನ್ನು ಯಾರೂ ಮುಟ್ಟಲಿಲ್ಲ.

"ಸೋತಿ ಅನ್ನು ಮತ್ತ," ರಾವಸಾಹೇಬರು ಹೆಂಡತಿಯನ್ನು ಕೆಣಕಿದರು.

"ತಡೀರಿ. ಕಟ್ಟಿಗಿ ಉಳದರ ಆತೇನ್ರಿ? ನೀರ ಕಾದಿರಬೇಕಲ್ಲ! ಕಡೀ ಜಳಕ ನಂದೈತಿ. ಅಷ್ಟೊತ್ತಿಗೆ ತಣ್ಣಗಾಗಿ ಕುಂತಿರತೈತಿ ಇವನ ಬಂಬ!"

ದಿನಾ ಎಲ್ಲರಿಗಿಂತ ಕೊನೆಗೆ ಮೀಯುವ ಅವಳಿಗೆ ಗಟ್ಟಿ ನಂಬಿಕೆ. ಕೊನೆಯವರ ಪಾಲಿಗೆ ಉಗುರುಬೆಚ್ಚಗಿನ ನೀರೇ, ಅದು ಬಂಬದ ಗುಣ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಒಂದು ತಂಬಿಗೆ ತೆಗೆದು ಬೆನ್ನಿಗೆ ಸುರಿದುಕೊಂಡಳು.

ಹಾ! ಎಂಥ ಬಿಸಿ! ಹೆಗಲಿನಿಂದ ಸೊಂಟದವರೆಗೆ ಮೈಯೆಲ್ಲ ಸಡಿಲಾಯಿತು. ಆಗ ಹೊಳೆಯಿತು ನೋಡಿ. ತಪ್ಪು ಬಂಬದ್ದಲ್ಲ, ತನ್ನ ಕೈಯದು. ಎಲ್ಲರಿಗೂ ಕಡ್ಡಿ ಹಾಕುವ ಕೈ ತನ್ನ ಸರದಿ ಬಂದಾಗ, ನನಗೊಬ್ಬಳಿಗಾಗಿ ಯಾಕೆ ಸುಡಬೇಕು ಎಂದು ಹಿಂದೆ ಸರಿಯುತ್ತಿತ್ತು. ಮುಚ್ಚಳಕ್ಕೆ ಸರದಿ ಯಾರದೆಂದು ಗೊತ್ತಿಲ್ಲ. ನೀರು ಆರಿದರೆ ಬಾಯಿ ತೆರೆಯುತ್ತದೆ, ಅಷ್ಟೆ. ಕೆಂಚವ್ವನಿಗೆ ಅಳು ಬಂತು. ಇಷ್ಟು ವರ್ಷ ಸುಮ್ಮನಿದ್ದ ತನ್ನ ಮೇಲೆಯೇ ಸಿಟ್ಟೂ ಬಂತು. ಸಿಟ್ಟಿನಲ್ಲೇ ಬಂಬ ಬರಿದಾಗುವವರೆಗೆ ಸುರಿದುಕೊಂಡಳು.

"ಚಿಗವ್ವಾ, ನೀರ ಹೆಂಗದಾವು?" ಅಣ್ಣಾಸಾಬ ಬಾಗಿಲ ಹೊರಗಿನಿಂದ ಕೂಗಿ ಕೇಳಿದ.

ಕೆಂಪಗಾದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಗೆದ್ದೀಯಪಾ. ಊರಿಗೆಲ್ಲ ಮಾಡಿ ಕೊಡು. ತಾರವ್ವಾ, ಆ ಮಣಿ ಎತ್ತಿ ಅಟ್ಟಕ್ಕ ಹಾಕು. ಇನ್ನ ನಾಳಿಂದ ಮೊದಲನೇ ಜಳಕ ನಂದು!"

ದಿನಾ ಮೊದಲು ಮೀಯುತ್ತಿದ್ದ ರಾವಸಾಹೇಬರು ಹೌಹಾರಿದರು. "ಮತ್ತ ನಂದು?"

"ಕಡೀಕ ನಿಮ್ಮದು. ಯಾಕ ಹೆದರತೀರಿ? ಮುಚ್ಚಳ ಐತೆಲ್ರಿ!"