ನೂರಕ್ಕೆ ಐವತ್ತೊಂದು, ಗ್ರೇಸ್ ನಾಲ್ಕು

ಸಂಶಯಪಡುವುದಕ್ಕೇ ಮೆರ್ಲಿನಳಿಗೆ ಸಂಬಳ. ಹಂಪನಕಟ್ಟೆಯ ಒಂದು ಹಳೆಯ ಲಾಡ್ಜಿನ ಮೂರನೇ ಮಾಳಿಗೆಯಲ್ಲಿ ಅವಳ ಆಫೀಸು. ಮೊಬೈಲಿನಲ್ಲಿ ಸಿನಿಮಾ ತೋರಿಸುವ ವಿದೇಶಿ ಕಂಪೆನಿಯೊಂದಕ್ಕೆ ಪ್ರೇಕ್ಷಕರು ಬರೆದು ಕಳಿಸುವ ಅಭಿಪ್ರಾಯಗಳು ಮೊದಲು ಇಲ್ಲಿಗೆ ಬರುತ್ತವೆ. ನಿಜವಾಗಿ ನೋಡಿ ಬರೆದದ್ದು ಯಾವುದು, ಸಿನಿಮಾದವರೇ ಹೇಳಿ ಬರೆಸಿದ್ದು ಯಾವುದು ಎಂದು ಬೇರ್ಪಡಿಸಬೇಕು. ಪರದೆಯ ಕೆಳಗೆ ಮೂರು ಗುಂಡಿ: ನಿಜ, ನಕಲಿ, ಸಂಶಯ. ಬೆಳಗ್ಗೆ ಆರೂವರೆಗೆ ಉರ್ವದಲ್ಲಿ ಸಿಟಿ ಬಸ್ಸು ಹತ್ತಿದರೆ ಮಧ್ಯಾಹ್ನ ಎರಡರೊಳಗೆ ನಾನೂರು ಮುಗಿಯಬೇಕು.

“ಹೊಗಳಿದ್ದಾರಾ ಬೈದಿದ್ದಾರಾ ಅಂತ ನೋಡಬೇಡಿ,” ಎಂದು ಕೆಲಸಕ್ಕೆ ಸೇರಿದ ದಿನವೇ ಟೀಮ್ ಲೀಡರ್ ಸುಜಿತ್ ಹೇಳಿಕೊಟ್ಟಿದ್ದ. “ಒಂದು ಸಣ್ಣ ಸಂಗತಿ ಉಂಟಾ ನೋಡಿ. ಸುಳ್ಳು ಬರೆಯುವವ ಸೂಪರ್, ಅದ್ಭುತ ಅಂತ ದೊಡ್ಡದೊಡ್ಡದು ಬರೀತಾನೆ. ನೋಡಿದವನಿಗೆ ಮಾತ್ರ ಹೀರೋನ ಅಂಗಿಯ ಬಟನ್ ಹೋದದ್ದು ನೆನಪಿರ್ತದೆ.”

ನಾಲ್ಕು ವರ್ಷ ಈ ಪಾಠದ ಹಾಗೆಯೇ ಕೆಲಸ ಮಾಡಿ ಮಾಡಿ ಅದು ಅವಳ ಮೈಗೇ ಹತ್ತಿಬಿಟ್ಟಿತ್ತು. ಮಾರ್ಕೆಟಿನಲ್ಲಿ ಬಂಗುಡೆ ಮಾರುವವಳು “ಈಗಷ್ಟೆ ಬಂದದ್ದು ಬಾಯಮ್ಮ” ಎಂದರೆ ಯಾವ ಬಂದರಿನ ದಕ್ಕೆಯಿಂದ, ಯಾರ ಬೋಟಿನದ್ದು ಎಂದು ಕೇಳುತ್ತಿದ್ದಳು. ಮಗಳು ಗೆಳತಿಯ ಮನೆಗೆ ಹೋಗಿದ್ದೆ ಎಂದರೆ ಅಲ್ಲಿ ತಿನ್ನಲು ಎಂತ ಕೊಟ್ಟರು ಎಂದು ವಿಚಾರಿಸುತ್ತಿದ್ದಳು. “ನಿನ್ನ ಬಾಯಿಗೆ ಸಿಕ್ಕಿದರೆ ಸಂತರೂ ಸಾಕ್ಷಿ ತರಬೇಕು ಗೊ,” ಎಂದು ಅತ್ತೆ ಎಸ್ತೆರ್ ಗೊಣಗುತ್ತಿದ್ದರು.

ಆ ವಾರ ಬಂದದ್ದು ಒಂದು ಬ್ರಿಟಿಷ್ ಸಿನಿಮಾ. ಸಮುದ್ರದ ಬದಿಯ ಒಂದು ಚಿಕ್ಕ ಊರು. ಅಲ್ಲಿ ವ್ಯಾಪಾರ ಬಿದ್ದುಹೋದ ಬೇಕರಿಯವ, ಅವನ ಗೆಳೆಯ ಒಬ್ಬ ಬಸ್ ಡ್ರೈವರ್, ಡ್ರೈವರನ ನಾದಿನಿ. ಈ ಮೂವರು ಸಾಲದ ಕ್ಯಾಮರಾ ಹಿಡಿದು, ಕಾರ್ಪೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ ‘ಆ ಜಾತಿಯ’ ಫಿಲ್ಮ್ ತೆಗೆಯಲು ಹೊರಡುತ್ತಾರೆ. ಯಾರಿಗೂ ಕ್ಯಾಮರಾ ಗೊತ್ತಿಲ್ಲ, ಎಲ್ಲರಿಗೂ ನಾಚಿಕೆ. ಖರ್ಚೇ ಮಾಡದೆ ತೆಗೆದ ಸಿನಿಮಾ ಆದ್ದರಿಂದ ನಟರ ತಲೆಯ ಮೇಲೆ ಮೈಕು ನೇತಾಡುವುದು ಕಾಣುತ್ತದಂತೆ. ಮೆರ್ಲಿನ್ ನೋಡಿರಲಿಲ್ಲ, ನೋಡುವುದು ಅವಳ ಕೆಲಸವಲ್ಲ. ನೋಡಿದವರದ್ದನ್ನು ಓದಿಯೇ ಇಷ್ಟೂ ಗೊತ್ತಾಗಿತ್ತು. ಸೋಮವಾರ ಸಂಜೆ ಗಂಡನ ಫೋನು ಬಂದಾಗ ಆಫೀಸಿನ ಮಾತು ಹೊರಗೆ ಆಡಬಾರದೆಂಬ ನಿಯಮ ಮರೆತು ಅದರ ಹೆಸರನ್ನೂ ಹೇಳಿ, “ಜನ ಬೈಯುವುದು ನೋಡಿದರೆ ಪಾಪ ಕಾಣ್ತದೆ” ಎಂದಿದ್ದಳು.

ಮರು ಸೋಮವಾರ, ಹತ್ತೂವರೆಯ ಹೊತ್ತಿಗೆ, ಆ ಬರಹ ಅವಳ ಪರದೆಗೆ ಬಂತು. ಬರೆದವರ ಹೆಸರು ತೋರಿಸುವುದಿಲ್ಲ, ಊರು ಮಾತ್ರ. ದೋಹಾ. ಇಂಗ್ಲಿಷಿನಲ್ಲಿತ್ತು:

“ನೂರಕ್ಕೆ ಐವತ್ತೊಂದು. ಪ್ರಯತ್ನ ಪ್ರಾಮಾಣಿಕವಾದ್ದರಿಂದ ಗ್ರೇಸ್ ನಾಲ್ಕು. ಶುಕ್ರವಾರ ನಾನೂ ನನ್ನ ಹೆಂಡತಿಯೂ ಒಟ್ಟಿಗೆ ಕುಳಿತು ನೋಡಿದೆವು. ಬೇಕರಿಯವನು ಎಲ್ಲ ಬಿಚ್ಚಿ ಸಾಕ್ಸ್ ಮಾತ್ರ ತೆಗೆಯಲು ಒಪ್ಪದ ದೃಶ್ಯದಲ್ಲಿ ನನ್ನ ಹೆಂಡತಿ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದರಿಂದ ನನ್ನ ತೊಡೆಗೆ ಬಾರಿಸಿದಳು. ಅವಳು ನಗುವುದೇ ಹಾಗೆ, ಸದ್ದಿಲ್ಲ, ಪೆಟ್ಟು ಮಾತ್ರ.”

ಮೆರ್ಲಿನಳ ಬೆರಳು ನಿಂತಿತು. ಸಿನಿಮಾಕ್ಕೆ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು ಮೇಲೆ ಗ್ರೇಸನ್ನೂ ಹಾಕುವ ಮನುಷ್ಯ ಲೋಕದಲ್ಲಿ ಒಬ್ಬನೇ, ಅವಳ ಗಂಡ. ಗಣಿತದ ಮಾಸ್ಟರಿಕೆ ಬಿಟ್ಟು ದೋಹಾದ ಏಸಿ ಕಂಪೆನಿಯ ಸ್ಟೋರ್ ವಿಭಾಗಕ್ಕೆ ಸೇರಿ ಒಂಬತ್ತು ವರ್ಷವಾದರೂ ಆಂಬ್ರೋಸ್ ಮೀನಿನ ಗಸಿಗೂ, ಪಾದ್ರಿಯವರ ಪ್ರಸಂಗಕ್ಕೂ ಅಂಕ ಕೊಡುವುದನ್ನು ಬಿಟ್ಟಿರಲಿಲ್ಲ. ಮದುವೆಗೆ ಮೊದಲು ಅವಳನ್ನು ನೋಡಲು ಬಂದವನು ಆಮೇಲೆ ಒಂದು ದಿನ “ನಿನಗೆ ಎಂಬತ್ತೆಂಟು ಕೊಟ್ಟಿದ್ದೆ” ಎಂದಿದ್ದ.

ಹೆಂಡತಿ ಇಲ್ಲಿ ಹಂಪನಕಟ್ಟೆಯಲ್ಲಿ ಕುಳಿತಿದ್ದಾಳೆ. ಹಾಗಾದರೆ ಶುಕ್ರವಾರ ಅಲ್ಲಿ ಕುಳಿತು ತೊಡೆಗೆ ಬಾರಿಸಿದವಳು ಯಾರು?

ಸುಳ್ಳು ಬರೆದಿರಬಹುದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಆದರೆ ಸುಜಿತ್ ಕಲಿಸಿದ ಪಾಠ ಬಿಡಬೇಕಲ್ಲ. ಸುಳ್ಳಿನಲ್ಲಿ ಸಣ್ಣ ಸಂಗತಿ ಇರುವುದಿಲ್ಲ. ಇಲ್ಲಿ ಬಾಯಿ ಮುಚ್ಚಿದ ಕೈ ಉಂಟು, ತೊಡೆಗೆ ಬಿದ್ದ ಪೆಟ್ಟು ಉಂಟು. ಹೀಗೆ ನಗುವ ಹೆಂಗಸನ್ನು ಮೆರ್ಲಿನ್ ತನ್ನ ನೆನಪಿನಲ್ಲಿ ಹುಡುಕಿದಳು, ಸಿಗಲಿಲ್ಲ. ನಾಲ್ಕು ವರ್ಷದ ಅನುಭವದಲ್ಲಿ ಇದಕ್ಕೆ ‘ನಿಜ’ ಒತ್ತಬೇಕು. ಒತ್ತಲು ಕೈ ಬರಲಿಲ್ಲ. ‘ಸಂಶಯ’ ಒತ್ತಿದಳು. ಸಂಶಯಕ್ಕೆ ಮೂರು ದಿನ ವಾಯಿದೆ. ಗುರುವಾರ ಎರಡು ಗಂಟೆಯೊಳಗೆ ನಿಜವೋ ನಕಲಿಯೋ ತೀರ್ಮಾನ ಮಾಡಬೇಕು.

ನೇರವಾಗಿ ಕೇಳುವಂತಿರಲಿಲ್ಲ. ಪ್ರೇಕ್ಷಕನನ್ನು ಮಾತಾಡಿಸಿದ್ದು ಗೊತ್ತಾದರೆ ಅದೇ ದಿನ ಕೆಲಸ ಹೋಗುತ್ತದೆ. ಅಂದು ಸಂಜೆ ವೀಡಿಯೋ ಕಾಲಿನಲ್ಲಿ ಸುತ್ತುಬಳಸಿ ಬಂದಳು.

“ಶುಕ್ರವಾರ ಎಂತ ಮಾಡಿದ್ದು?”

“ಎಂತ ಮಾಡುವುದು? ಬಟ್ಟೆ ಒಗೆದೆ, ಮಲಗಿದೆ,” ಎಂದ ಆಂಬ್ರೋಸ್.

“ಸಿನಿಮಾ ಗಿನಿಮಾ?”

“ನನಗೆಲ್ಲಿ ಪುರುಸೊತ್ತು ಗೊ.”

ಮೊದಲ ಸುಳ್ಳು. ಅವನ ಹಿಂದಿನ ಮೇಜಿನ ಮೇಲೆ ಎರಡು ಗ್ಲಾಸುಗಳಿದ್ದವು.

“ಆ ಎರಡನೇ ಗ್ಲಾಸು ಯಾರದ್ದು?”

ಆಂಬ್ರೋಸ್ ತಿರುಗಿ ನೋಡಿದ. “ನಮ್ಮ ರೂಮಿನ ಮೊಯ್ದೀನಬ್ಬನದ್ದು.”

“ಮೊಯ್ದೀನಬ್ಬ ಮಗಳ ಮದುವೆಗೆ ಅಂತ ಉಳ್ಳಾಲಕ್ಕೆ ಬಂದು ಹದಿನೈದು ದಿನ ಆಯ್ತಲ್ಲ?”

“ಅವನು ಊರಿಗೆ ಹೋದದ್ದು ಹೌದು. ಗ್ಲಾಸು ಇಲ್ಲೇ ಬಿಟ್ಟು ಹೋದದ್ದು. ನೀನು ಎಂತ, ಗ್ಲಾಸಿಗೂ ವೀಸಾ ಕೇಳ್ತೀಯಾ?”

ನಗಬೇಕಾದ ಮಾತು. ಅವಳಿಗೆ ನಗು ಬರಲಿಲ್ಲ. ಮನೆಯಲ್ಲಿ ಅನ್ನ ಬಡಿಸುವಾಗ ಅತ್ತೆಗೆ ಎರಡು ಸಲ ಸಾರು ಹಾಕಿದಳು.

ಮರುದಿನ ಬಸ್ಸಿಗೆ ಕಾಯುತ್ತ ಮೊಯ್ದೀನಬ್ಬನಿಗೇ ಫೋನು ಮಾಡಿದಳು. ಆಂಬ್ರೋಸನೊಂದಿಗೆ ಆರು ವರ್ಷದಿಂದ ಒಂದೇ ರೂಮಿನಲ್ಲಿರುವವನು, ಅಡುಗೆ ಇವನದ್ದು, ಪಾತ್ರೆ ಅವನದ್ದು. ಮದುವೆಯ ವಿಷಯ, ಬಂದ ನೆಂಟರು, ಬಿರಿಯಾನಿ ಎಲ್ಲ ಕೇಳಿಯಾದ ಮೇಲೆ, “ನಮ್ಮವರು ಅಲ್ಲಿ ಹೇಗಿದ್ದಾರೆ? ಒಬ್ಬರಿಗೇ ಬೋರ್ ಆಗುವುದಿಲ್ವಾ?” ಎಂದಳು.

“ಮಾಸ್ಟ್ರಿಗಾ? ಎಂತ ಬೋರ್ ಬಾಯಮ್ಮ! ಶುಕ್ರವಾರ ಆಯ್ತು ಅಂದ್ರೆ ಮೊಬೈಲು ಹಿಡಿದು ಕೊಂಕಣಿಯಲ್ಲಿ ಮಾತಾಡಿದ್ದೇ ಮಾತಾಡಿದ್ದು. ನಗ್ತಾರೆ ಬೇರೆ. ನಾನು ಹೊರಗೆ ಹೋಗಿ ನಿಲ್ತೇನೆ, ಗಂಡ ಹೆಂಡತಿ ಮಧ್ಯೆ ನಮಗೆಂತ ಕೆಲಸ?”

“ಎಷ್ಟು ಹೊತ್ತಿಗೆ?”

“ಮಧ್ಯಾಹ್ನ ಊಟ ಆದ ಮೇಲೆ. ಎರಡು ಗಂಟೆ ಹೊತ್ತು ಆಗ್ತದಲ್ಲ ನಿಮ್ಮದು?”

ಮೆರ್ಲಿನಳಿಗೆ ಆಂಬ್ರೋಸನ ಕಾಲು ಬರುವುದು ಸಂಜೆ, ಹೆಚ್ಚೆಂದರೆ ಹತ್ತು ನಿಮಿಷ, ಅದರಲ್ಲಿ ಅರ್ಧ ಅತ್ತೆಯ ಮಂಡಿನೋವಿಗೆ. “ಹೌದು ಹೌದು, ನಮ್ಮದೇ,” ಎಂದು ಫೋನು ಇಟ್ಟಳು. ಕೊಂಕಣಿ ಹೆಂಗಸು ಹಾಗಾದರೆ. ಬಸ್ಸು ಬಂದು, ಕಂಡಕ್ಟರ್ ಸೀಟಿ ಊದಿ, ಅದು ಹೋಗಿಯೂ ಆಯಿತು. ಅವಳು ನಿಂತಲ್ಲೇ ಇದ್ದಳು. ಯಾರಿರಬಹುದು? ನರ್ಸುಗಳು ಎಷ್ಟಿಲ್ಲ ದೋಹಾದಲ್ಲಿ! ಕ್ರಿಸ್ಮಸಿಗೆ ಆಂಬ್ರೋಸ್ ಅಲ್ಲಿನ ಚರ್ಚಿನ ಗಾಯನ ತಂಡದ ಫೋಟೋ ಕಳಿಸಿದ್ದ. ಅದನ್ನು ತೆಗೆದು, ದೊಡ್ಡದು ಮಾಡಿ, ಒಂದೊಂದೇ ಹೆಂಗಸಿನ ಮುಖ ನೋಡಿದಳು. ಎಲ್ಲರೂ ಬಾಯಿ ಮುಚ್ಚಿ ನಗುವವರ ಹಾಗೆಯೇ ಕಂಡರು.

ಬುಧವಾರ ಆಫೀಸಿನಲ್ಲಿ ಅವಳ ಲೆಕ್ಕ ನೂರು ದಾಟಿರಲಿಲ್ಲ. ಪಕ್ಕದ ಕುರ್ಚಿಯ ಸಂಚಿತಾ, ಮಣ್ಣಗುಡ್ಡದ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಮೆರ್ಲಿನಕ್ಕನ ಬಾಡಿದ ಮುಖವನ್ನು ಎರಡು ದಿನದಿಂದ ನೋಡುತ್ತಿದ್ದಳು; ಕಾರಣ ಕೇಳದೆ ಅದೇ ಬ್ರಿಟಿಷ್ ಸಿನಿಮಾದ ಅಭಿಪ್ರಾಯಗಳನ್ನು ಮೆಲ್ಲಗೆ ಓದಿ ಹೇಳತೊಡಗಿದಳು.

“ಕೇಳಿ ಅಕ್ಕ, ಇವನು ಬರೆದದ್ದು: ‘ಮೋಸ! ಟ್ರೇಲರಿನಲ್ಲಿ ತೋರಿಸಿದ ಮಂಚ ಸಿನಿಮಾದಲ್ಲಿ ಮುರಿದೇ ಹೋಗುತ್ತದೆ, ಆಮೇಲೆ ಎಲ್ಲರೂ ಸೇರಿ ಅದನ್ನು ರಿಪೇರಿ ಮಾಡುತ್ತಾರೆ. ನಾನು ಬಡಗಿ ಕೆಲಸ ನೋಡಲು ದುಡ್ಡು ಕೊಟ್ಟದ್ದಲ್ಲ.’”

“ಅದು ನಿಜ. ಮುಂದೆ ಹೋಗು,” ಎಂದಳು ಮೆರ್ಲಿನ್.

“ಇದು ನಕಲಿ ನೋಡಿ: ‘ನೆರೆಮನೆ ಹೆಂಗಸಿನ ಪಾತ್ರ ವಿಶ್ವದರ್ಜೆಯದ್ದು, ಆಸ್ಕರ್ ಕೊಡಬೇಕು.’ ಆ ಹೆಂಗಸೇ ಬರೆದದ್ದು ಮಾರಾಯ್ರೆ!”

“ಅಥವಾ ಅವಳ ಗಂಡ.”

“ಇನ್ನೊಂದು. ಇದು ಒಬ್ಬರು ಅಜ್ಜಿ: ‘ಇದು ಬೇಕರಿ ಬಗ್ಗೆ ಸಿನಿಮಾ ಎಂದುಕೊಂಡು ಚರ್ಚಿನ ಹೆಂಗಸರ ಸಂಘಕ್ಕೆ ತೋರಿಸಿದೆ. ಹದಿನಾಲ್ಕು ಜನ ಇದ್ದೆವು. ಯಾರೂ ಎದ್ದು ಹೋಗಲಿಲ್ಲ. ಕೇಕಿನ ರೆಸಿಪಿ ಮಾತ್ರ ಕೊನೆಗೂ ಹೇಳಲಿಲ್ಲ.’”

ಎರಡು ದಿನ ಹಿಡಿದಿಟ್ಟದ್ದೆಲ್ಲ ನಗುವಾಗಿ ಕಟ್ಟೆ ಒಡೆಯಿತು ಮೆರ್ಲಿನಳಿಗೆ. ಚರ್ಚಿನ ಹದಿನಾಲ್ಕು ಹೆಂಗಸರು ಸಾಲಾಗಿ ಕುಳಿತದ್ದು ಕಣ್ಣಿಗೆ ಕಟ್ಟಿ ಉಸಿರೇ ಸಿಗಲಿಲ್ಲ.

“ಅಯ್ಯೋ ಅಮ್ಮಾ!” ಎಂದು ಸಂಚಿತಾ ಕುರ್ಚಿಯೊಂದಿಗೆ ಹಿಂದೆ ಸರಿದಳು. “ಪ್ರತಿ ಸಲ ನನ್ನ ತೊಡೆಯೇ ಎಂತಕ್ಕೆ ಅಕ್ಕ? ನೀಲಿಗಟ್ಟಿದೆ ಗೊತ್ತುಂಟಾ?”

“ಎಂತದು?”

“ಪೆಟ್ಟು! ಬಾಯಿಗೆ ಒಂದು ಕೈ, ನನಗೆ ಒಂದು ಕೈ. ನೀವು ನಗುವುದೇ ಹಾಗಲ್ವಾ? ಸೌಂಡ್ ಇಲ್ಲ, ಹೊಡೆಯುವುದು ಮಾತ್ರ. ಸುಜಿತಣ್ಣ ಅದಕ್ಕೇ ನಿಮ್ಮ ಪಕ್ಕ ಊಟಕ್ಕೆ ಕೂತುಕೊಳ್ಳುವುದಿಲ್ಲ.”

ಮೆರ್ಲಿನಳ ಎಡಗೈ ಇನ್ನೂ ಬಾಯಿಯ ಮೇಲಿತ್ತು. ಅದನ್ನು ಇಳಿಸಿ ನೋಡಿದಳು, ಬೇರೆಯವರ ಕೈ ನೋಡಿದ ಹಾಗೆ. ನಲವತ್ತಮೂರು ವರ್ಷ ಆಗಿತ್ತು ಅವಳಿಗೆ. ತಾನು ಹೇಗೆ ನಗುತ್ತೇನೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆದರೂ ಸಂಶಯ ಪೂರ್ತಿ ಇಳಿಯಲಿಲ್ಲ. ನಗು ತನ್ನದು, ಒಪ್ಪಿದಳು. ಎರಡು ಗಂಟೆಯ ಮಾತು ಯಾರದ್ದು? ಸಂಜೆ ಆಂಬ್ರೋಸ್ ಕಾಲು ಮಾಡಿದಾಗ ಫೋನು ಹಿಡಿದು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು.

“ಶುಕ್ರವಾರ ಮಧ್ಯಾಹ್ನ ಯಾರೊಟ್ಟಿಗೆ ಮಾತಾಡುವುದು ನೀವು? ಮೊಯ್ದೀನಬ್ಬ ಎಲ್ಲ ಹೇಳಿದ್ದಾನೆ.”

ಆಂಬ್ರೋಸ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಸಣ್ಣವಳಿದ್ದ ಮಗಳು ಸ್ಲೇಟು ಒಡೆದು ಬಂದಾಗ ಮಾಡುತ್ತಿದ್ದ ಮುಖ.

“ನಿನ್ನೊಟ್ಟಿಗೆ,” ಎಂದ.

“ನಾನು ಇಲ್ಲಿದ್ದೇನಲ್ಲ!”

“ಅದಕ್ಕೇ.”

ಅವನೇ ಮುಂದುವರಿಸಿದ, ಮಾತು ಮುರಿಮುರಿದು. “ಸಿನಿಮಾ ಹಾಕಿದರೆ… ಒಬ್ಬನೇ ನೋಡ್ಲಿಕ್ಕೆ ಆಗುವುದಿಲ್ಲ ಗೊ. ‘ನೋಡು ಇವನ ಮಂಡೆ’, ‘ನೋಡು ಆ ಸೀರೆ’ ಅಂತ ಬಾಯಿಗೆ ಬರ್ತದೆ. ಮೊದಲೆಲ್ಲ ಮೆಲ್ಲ ಹೇಳ್ತಿದ್ದೆ. ಈಗ ಜೋರಾಗಿಯೇ. ಅಮ್ಮನಿಗೆ ಹೇಳಬೇಡ, ಮಗನಿಗೆ ಮಂಡೆ ಸರಿ ಇಲ್ಲ ಅಂತ ನೊವೆನಾ ಪ್ರಾರ್ಥನೆ ಶುರು ಮಾಡ್ತಾಳೆ.”

“ಮತ್ತೆ ಸಿನಿಮಾ ನೋಡ್ಲಿಕ್ಕೆ ಪುರುಸೊತ್ತಿಲ್ಲ ಅಂದದ್ದು?”

“ಅದು ಬೇರೆ ಜಾತಿಯ ಸಿನಿಮಾ ಆಗಿತ್ತು. ನೀನೇ ಹೆಸರು ಹೇಳಿದ್ದಲ್ವಾ? ನಾಚಿಕೆ ಆಯ್ತು.”

ಅವನನ್ನು ನಂಬಿದಳೇ? ನೂರಕ್ಕೆ ತೊಂಬತ್ತರಷ್ಟು ನಂಬಿದಳು. ಗಾಯನ ತಂಡದ ಫೋಟೋವನ್ನು ಮಾತ್ರ ಮೊಬೈಲಿನಿಂದ ಅಳಿಸಲಿಲ್ಲ.

ಗುರುವಾರ ಒಂದೂ ಐವತ್ತಕ್ಕೆ ಆ ಬರಹ ಮತ್ತೆ ಮುಂದೆ ಬಂತು. ‘ನಿಜ’ ಒತ್ತಿದರೆ ಅದು ಲೋಕಕ್ಕೆಲ್ಲ ಕಾಣುತ್ತದೆ. ಬರೆದವರು ‘ಸ್ವಂತದವರು’ ಎಂದು ಸುಜಿತನಿಗೆ ತಿಳಿಸಿದರೆ ವಿಚಾರಣೆ. ಇಡೀ ಆಫೀಸು ಓದುತ್ತದೆ, ಸಿನಿಮಾದ ಹೆಸರು ಹೊರಗೆ ಹೇಳಿದ್ದೂ ಬಯಲಾಗುತ್ತದೆ. ಮೊಬೈಲು, ಪೆನ್ನು ಒಳಗೆ ತರುವಂತಿಲ್ಲ, ಆದ್ದರಿಂದ ಎರಡು ಸಲ ಓದಿ ಬಾಯಿಪಾಠ ಮಾಡಿಕೊಂಡಳು. ‘ಒಟ್ಟಿಗೆ ಕುಳಿತು ನೋಡಿದೆವು’ ಎಂಬಲ್ಲಿ ಕಣ್ಣು ನಿಂತಿತು. ಒಟ್ಟಿಗೆ ಕೂತಿರಲಿಲ್ಲ. ಒಂಬತ್ತು ವರ್ಷದಲ್ಲಿ ಒಟ್ಟಿಗೆ ಕೂತು ನೋಡಿದ್ದು ರಜೆಯಲ್ಲಿ ಬಂದಾಗಿನ ನಾಲ್ಕೋ ಐದೋ. ನಿಯಮದ ಪ್ರಕಾರ ಇದಕ್ಕೆ ಒಂದೇ ಗುಂಡಿ. ಒತ್ತಿದಳು: ನಕಲಿ.

ಶುಕ್ರವಾರ ಸಂಜೆ ಆಂಬ್ರೋಸನ ಕಾಲು ಬಂದಾಗ ಅವನ ಮುಖ ಸಿಡುಕಾಗಿತ್ತು.

“ನಾನೊಂದು ಅಭಿಪ್ರಾಯ ಬರೆದಿದ್ದೆ ಮಾರಾಯ್ತಿ, ಆ ಸಿನಿಮಾಕ್ಕೆ. ನೀನು ಪಾಪ ಅಂದಿದ್ದಿಯಲ್ಲ, ನಿಮ್ಮ ಕಂಪೆನಿಗೆ ಸಹಾಯ ಆಗಲಿ ಅಂತ. ನಕಲಿಯಂತೆ! ತೆಗೆದು ಹಾಕಿದ್ದಾರೆ. ಇಷ್ಟು ಪ್ರಾಮಾಣಿಕವಾಗಿ ಬರೆದದ್ದು! ನಿಮ್ಮಲ್ಲಿ ಯಾವ ಕುರುಡರು ಕೂತಿದ್ದಾರೆ?”

“ತುಂಬ ಜನ ಉಂಟು. ಹೊಸ ಹುಡುಗಿಯರು.”

“ಎಂತ ಬರೆದದ್ದು ಅಂತ ನೀನು ಕೇಳಲೇ ಇಲ್ಲ,” ಎಂದ ಆಂಬ್ರೋಸ್.

“ಎಂತ ಬರೆದದ್ದು?”

ಅವನು ಪರದೆಯ ಹತ್ತಿರ ಬಂದು ಅವಳನ್ನು ನೋಡಿದ. ಉತ್ತರ ಸರಿ ಇದ್ದು, ಲೆಕ್ಕ ಮಾಡಿದ ಕ್ರಮ ಎಲ್ಲೂ ಕಾಣದ ಉತ್ತರಪತ್ರಿಕೆಯನ್ನು ಮಾಸ್ಟರರು ನೋಡುವ ನೋಟ.

“ನಿನ್ನ ಕೈಗೆ ಬರಲಿಲ್ಲ ಅಲ್ವಾ ಅದು?”

“ದಿನಕ್ಕೆ ನಾನೂರು ಬರ್ತದೆ ನನಗೆ. ಎಲ್ಲ ನೆನಪಿರ್ತದಾ?” ಎಂದಳು ಮೆರ್ಲಿನ್. ಅವನು ಇನ್ನೊಂದು ಪ್ರಶ್ನೆ ಕೇಳುವ ಮೊದಲೇ ಫೋನನ್ನು ಅತ್ತೆಯ ಕೈಗೆ ಕೊಟ್ಟು ಬಟ್ಟೆ ಮಡಚಲು ಎದ್ದಳು.