ನಲವತ್ತೇಳನೇ ಗುರುತು

ಅನುಶ್ರೀ ಹಾಸನದಲ್ಲಿ ಹೊಳೆನರಸೀಪುರದ ಬಸ್ಸು ಹತ್ತಿದ್ದೇನೋ ಸರಿ, ತೊಡೆಯ ಮೇಲಿದ್ದ ನಕ್ಷೆಯ ಸುರುಳಿ ಮಾತ್ರ ದಾರಿಯುದ್ದಕ್ಕೂ ಕೆಂಡದ ಹಾಗಿತ್ತು. ಅದರಲ್ಲಿ ನೂರಾ ಹನ್ನೆರಡು ಗುರುತುಗಳು. ನೂರಾ ಹನ್ನೊಂದರ ಚಿಂತೆ ಅವಳಿಗಿರಲಿಲ್ಲ. ನಲವತ್ತೇಳನೆಯದನ್ನು ಯಾರಿಗೂ ಹೇಳದೆ ತಿರುಗಿಸಿಬಿಟ್ಟಿದ್ದಳು.

ಅದು ನುಗ್ಗೇಹಳ್ಳಿ ಸುತ್ತಿನ ಬಂಡೆಗಳ ನಕ್ಷೆ. ೧೯೮೮ರಲ್ಲಿ ಅದನ್ನು ಕೈಯಲ್ಲಿ ಬರೆದವರು ಯೋಗಾನರಸಿಂಹ, ಆಗ ಭೂವಿಜ್ಞಾನ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದ ಡ್ರಾಫ್ಟ್ಸ್‌ಮನ್, ಈಗ ನಿವೃತ್ತರು. ಅದನ್ನು ಕಂಪ್ಯೂಟರಿಗೆ ತರುವ ಕೆಲಸ ಅನುಶ್ರೀಯದು. ಕ್ಯೂಜಿಐಎಸ್ ಅನ್ನುವ, ನಕ್ಷೆ ಮಾಡುವ ಬಿಟ್ಟಿ ಸಾಫ್ಟ್‌ವೇರಿನಲ್ಲಿ ಉಳಿದದ್ದೆಲ್ಲ ಸಿಕ್ಕಿತು, ಹಳೇ ನಕ್ಷೆಯ ಗುರುತುಗಳು ಮಾತ್ರ ಸಿಗಲಿಲ್ಲ. ಕೊನೆಗೆ ಯೋಗಾನರಸಿಂಹ ಅವರೇ ಗ್ರಾಫ್ ಹಾಳೆಯ ಮೇಲೆ ದೊಡ್ಡದಾಗಿ ಬರೆದುಕೊಟ್ಟರು, ಅವಳು ಅವನ್ನೇ ಫಾಂಟ್ ಮಾಡಿದಳು. ಕೀಬೋರ್ಡಿನ ಒಂದೊಂದು ಅಕ್ಷರದ ಜಾಗದಲ್ಲಿ ಒಂದೊಂದು ಗುರುತು. ಬಂಡೆಯ ಪದರ ಹಾಸಿರುವ ದಿಕ್ಕಿಗೆ ಉದ್ದ ಗೆರೆ, ಅದರ ನಡುವಿನಿಂದ ಪದರ ವಾಲಿದ ಕಡೆಗೆ ಒಂದು ಗಿಡ್ಡ ಗೆರೆ. ದಿಕ್ಕಿನ ಅಂಕಿ ಕೊಟ್ಟರೆ ಸಾಕು, ಗುರುತು ತಾನೇ ತಿರುಗಿ ಕೂರುತ್ತದೆ.

ಮೊದಲ ಪ್ರಿಂಟು ತಂದ ಭಾನುವಾರ ಮುದುಕರು ಭೂತಗನ್ನಡಿ ಹಿಡಿದು ಐದೇ ನಿಮಿಷಕ್ಕೆ ಶುರು ಮಾಡಿದ್ದರು. “ಏನಮ್ಮಾ ಇದು! ಕೆರೆ ಏರಿ ಪಕ್ಕದ ಬಂಡೆ ನೀರಿಗೆ ಬಿದ್ದಿದೆಯಲ್ಲ! ಈಜು ಕಲಿಸಿದ್ದೀಯಾ ಅದಕ್ಕೆ?”

ನೋಡಿದರೆ ನಿಜ. ಉದ್ದ ಗೆರೆಯ ನಡುಮಧ್ಯಕ್ಕೆ ಹೊಡೆಯಬೇಕಾದ, ಗುರುತು ತಿರುಗುವ ಮೊಳೆಯನ್ನು ಅವಳು ಇಡೀ ಗುರುತಿನ ಮಧ್ಯಕ್ಕೆ ಹೊಡೆದಿದ್ದಳು, ತಿರುಗಿದಾಗೆಲ್ಲ ಗುರುತು ಜಾಗ ಬಿಟ್ಟು ಜರುಗುತ್ತಿತ್ತು. ಅಲ್ಲೇ ಕೂತು ತಿದ್ದಿದಳು. ಆಗಲೇ ಅವರು ತಮ್ಮ ಪೊದೆ ಮೀಸೆ ತೀಡಿಕೊಂಡು, “ಮೂವತ್ತೆರಡು ವರ್ಷ ಬರೆದೆ ಕಣಮ್ಮಾ. ನನ್ನ ನಕ್ಷೆಯಲ್ಲಿ ಒಂದೇ ಒಂದು ತಪ್ಪು ತೋರಿಸು, ಈ ಮೀಸೆ ಬೋಳಿಸ್ತೀನಿ” ಅಂದಿದ್ದರು.

“ತೋರಿಸಿಬಿಡೇ ತಾಯಿ, ಪುಣ್ಯ ಬರುತ್ತೆ,” ಅಂತ ಒಳಗಿನಿಂದ ಹೆಂಡತಿ ಅಂಬುಜಮ್ಮ ಕೂಗಿದ್ದರು. “ಅರ್ಧ ಕಾಫಿ ಆ ಮೀಸೆಯೇ ಕುಡಿಯುತ್ತೆ.”

ಅವರ ಕಾಲದಲ್ಲಿ ನಕ್ಷೆ ಬರೆದವರ ಹೆಸರನ್ನು ನಕ್ಷೆಯ ಮೇಲೆ ಯಾರು ಹಾಕುತ್ತಿದ್ದರು? ಅನುಶ್ರೀ ಈ ಸಲ ಆಫೀಸಿನಲ್ಲಿ ಜಗಳವಾಡಿ, ‘ಗುರುತುಗಳು: ಯೋಗಾನರಸಿಂಹ, ಹೊಳೆನರಸೀಪುರ’ ಅಂತ ಮೂಲೆಯಲ್ಲಿ ಒಂದು ಸಾಲು ಹಾಕಿಸಿದ್ದಳು. ಅವರು ಅದನ್ನು ಮೂರು ಸಲ ಓದಿ ಕನ್ನಡಕ ಒರೆಸಿಕೊಂಡಿದ್ದರು.

ಆದದ್ದು ಆಮೇಲೆ. ಕಳೆದ ವಾರ ಸ್ಥಳ ನೋಡಲು ಅವಳು ನುಗ್ಗೇಹಳ್ಳಿಗೆ ಹೋದಳು. ಕೆರೆಯ ಹಿಂದಿನ ಬಂಡೆ, ಅದೇ ನಲವತ್ತೇಳನೆಯದು, ಹಳೇ ನಕ್ಷೆಯಲ್ಲಿ ಪಶ್ಚಿಮಕ್ಕೆ ವಾಲಿತ್ತು, ನೆಲದ ಮೇಲೆ ಪೂರ್ವಕ್ಕೆ. ಎರಡೆರಡು ಸಲ ದಿಕ್ಸೂಚಿ ಇಟ್ಟು ನೋಡಿದಳು. ಕಲ್ಲು ಯಾಕೆ ಸುಳ್ಳು ಹೇಳೀತು? ತಪ್ಪು ಅಂತ ಬಾಯಿಬಿಟ್ಟರೆ ಮುದುಕರ ಜೀವಮಾನದ ಹೆಮ್ಮೆ ಮಣ್ಣುಪಾಲು. ಹಾಗೇ ಬಿಟ್ಟರೆ ಅವರ ಹೆಸರಿನ ಕೆಳಗೇ ತಪ್ಪು ಅಚ್ಚಾಗುತ್ತದೆ. ಅಂಕಿ ಬದಲಿಸಿ ಸುಮ್ಮನಾದಳು. ಅವರು ಇವತ್ತು ನೋಡಿ ಹೂಂ ಅಂದರೆ ನಾಳೆ ಅಚ್ಚಿಗೆ ಹೋಗುತ್ತದೆ. ಕಣ್ಣಿಗೆ ಬೀಳದಿರಲಪ್ಪ ದೇವರೇ ಅಂದುಕೊಂಡೇ ಬಸ್ಸಿಳಿದಳು.

ಯೋಗಾನರಸಿಂಹ ಅವರ ಮನೆಯ ಮೇಜಿನ ಮೇಲೆ ನಕ್ಷೆ ಹಾಸಿ ನಾಲ್ಕು ಮೂಲೆಗೂ ಲೋಟ ಇಟ್ಟದ್ದಾಯಿತು. ಯಾವಾಗಲೂ ಮೇಲಿನ ಎಡಮೂಲೆಯಿಂದ ಶುರುಮಾಡುವವರು ಇವತ್ತು ಭೂತಗನ್ನಡಿಯನ್ನು ನೇರವಾಗಿ ಕೆರೆಯ ಹಿಂದಕ್ಕೇ ಒಯ್ದರು.

“ನಲವತ್ತೇಳನ್ನ ತಿರುಗಿಸಿದ್ದು ಯಾರು?”

ಗಾಬರಿಗೆ ಅವಳ ಬಾಯಲ್ಲಿ ಊರಿನ ಮಾತೇ ಬಂತು. “ನಾನೇ ಸಾ. ಓಗಿ ನೋಡ್ಕಂಡ್ ಬಂದೆ. ಬಂಡೆ ಮೂಡ್ಲ ಕಡೀಕೆ ವಾಲೈತೆ. ನಿಮ್ಗೆ ಬೇಜಾರಾಯ್ತದೆ ಅಂತ ಯೋಳ್ನಿಲ್ಲ. ತಪ್ಪಾಯ್ತು ಸಾ.”

ಅವರು ಭೂತಗನ್ನಡಿ ಕೆಳಗಿಟ್ಟರು.

“ನನಗೆ ಗೊತ್ತಿತ್ತು,” ಅಂದರು. “ನಕ್ಷೆ ಅಚ್ಚಾದ ಮೇಲೆ ಇವಳ ಅಕ್ಕನ ಮಗಳ ಮದುವೆಗೆ ನುಗ್ಗೇಹಳ್ಳಿಗೆ ಹೋಗಿದ್ದೆ. ಎಲೆ ಹಾಕೋದು ತಡ ಅಂತ ಕೆರೆ ಹಿಂದಕ್ಕೆ ಹೋದ್ರೆ, ಬಂಡೆ ಪೂರ್ವಕ್ಕೆ ವಾಲಿದೆ! ಬಂಡೆ ಅಳೆದ ಸಾಹೇಬರ ನೋಟ್‌ಬುಕ್ಕಿನಲ್ಲಿ ಸರಿಯಾಗೇ ಬರೆದಿದ್ರು. ಎಡವಟ್ಟಾಗಿದ್ದು ನನ್ನ ಕೈಯಲ್ಲಿ. ಬಾಯಿ ಮುಚ್ಚಿಕೊಂಡು ಬಂದು ಊಟಕ್ಕೆ ಕೂತೆ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.”

“ಮತ್ತೆ ಮೀಸೆ ಬೋಳಿಸ್ತೀನಿ ಅಂದ್ರಲ್ಲ ಸಾ?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನನ್ನನ್ನ ಅದೂ ಯಾರೂ ಅಂದಿರಲಿಲ್ಲ, ನಾನೇ ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ದೆ. ಇವತ್ತು ನೀನು ಹಳೇದನ್ನೇ ತಂದಿದ್ರೆ ನನ್ನ ಹೆಸರು ತೆಗೆಸಿಬಿಡಬೇಕು ಅಂತಿದ್ದೆ. ಯಾಕೆ ಅಂತ ಹೇಳೋ ಧೈರ್ಯ ಮಾತ್ರ ಇರಲಿಲ್ಲ.”

“ಈಗ... ಎಸ್ರು ಇರ್ಲಾ ಸಾ?”

“ಇರಲಿ. ಈಗ ಇರಬಹುದು.”

ಎದ್ದು ಬಚ್ಚಲುಮನೆಗೆ ಹೋದರು. ಅಂಬುಜಮ್ಮ ಕಾಫಿ ತರುವುದಕ್ಕೂ ಅವರು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬರುವುದಕ್ಕೂ ಸರಿಹೋಯಿತು. ಮೂಗಿನ ಕೆಳಗೆ ಬೆಳ್ಳಗೆ ಒಂದು ಪಟ್ಟಿ, ಅದರ ತುದಿಯಲ್ಲಿ ಒಂದು ಹನಿ ರಕ್ತ.

“ಅಯ್ಯೋ ರಾಮ! ಏನ್ರೀ ಇದು?” ಅಂಬುಜಮ್ಮ ಲೋಟ ಹಿಡಿದುಕೊಂಡೇ ಹತ್ತಿರ ಬಂದು ನೋಡಿದರು.

“ಮಾತು ಅಂದ್ರೆ ಮಾತು ಕಣೇ. ಕಾಫಿ ಇಡು.”

ಅನುಶ್ರೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಣ್ಣಲ್ಲಿ ನೀರಂತೂ ಬಂತು. ಅವರು ಅದನ್ನೆಲ್ಲ ನೋಡುವ ಗೋಜಿಗೇ ಹೋಗದೆ ಭೂತಗನ್ನಡಿ ತೆಗೆದುಕೊಂಡು ನಕ್ಷೆಯ ಎಡಮೂಲೆಗೆ ಬಗ್ಗಿದರು.

“ಹೂಂ, ಒಂದನೇ ನಂಬರಿನಿಂದ ಓದು. ನಿಧಾನಕ್ಕೆ ಓದಮ್ಮಾ. ಇನ್ನೊಂದು ತಪ್ಪು ಸಿಕ್ಕರೆ ಬೋಳಿಸೋಕೆ ಮೀಸೆ ಇಲ್ಲ.”